ಮಧುಚಂದ್ರದ ಪ್ರಯಾಣಪಟ್ಟಿ ಮತ್ತು ಕೊಟ್ಟ ಮಾತು

ಪವಿತ್ರ ಕುರ್‌ಆನ್ ವಿವಾಹವನ್ನು ಬಲಿಷ್ಠವಾದ ಕರಾರೆಂದು ಕರೆದಿದೆ (4:21). ವಲಿಯ ಸಮ್ಮತಿಯೊಂದಿಗೆ, ಇಬ್ಬರು ಸಾಕ್ಷಿಗಳ ಮುಂದೆ, ಮಹ್ರ್ ನಿಶ್ಚಯಿಸಿ, ಒಂದು ಗಂಡು ಮತ್ತು ಒಂದು ಹೆಣ್ಣು ಜೀವನ ಪರ್ಯಂತ ಉಳಿಯಬೇಕಾದ ಮಾತಿಗೆ ಬದ್ಧರಾಗುತ್ತಾರೆ. ನಿಕಾಹ್‌ನ ಖುತ್ಬಾದಲ್ಲಿ ಸಾಮಾನ್ಯವಾಗಿ ಪಠಿಸಲಾಗುವ ಆಯತ್‌ಗಳಲ್ಲಿ ಅಲ್ ಅಹ್‌ಝಾಬ್ ಅಧ್ಯಾಯದ 70 ಮತ್ತು 71ನೆಯವು ಸೇರಿವೆ. ಅಲ್ಲಾಹನನ್ನು ಭಯಪಡಬೇಕು, ಆಡುವ ಮಾತು ನೇರವಾಗಿರಬೇಕು ಎಂಬುದು ಅಲ್ಲಿರುವ ಆಜ್ಞೆ. ದಾಂಪತ್ಯದ ಕುರಿತು ಹೇಳಬಹುದಾದ ವಿಷಯಗಳು ಎಷ್ಟೋ ಇರುವಾಗ, ಮದುವೆಯ ಸಭೆಯಲ್ಲಿ ನಾಲಿಗೆಯ ನೇರತನವನ್ನೇ ಏಕೆ ನೆನಪಿಸಲಾಗುತ್ತದೆ ಎಂದು ನಾವು ಯೋಚಿಸುವುದು ಕಡಿಮೆ. ಖುತ್ಬಾ ಅರಬಿಯಲ್ಲಿರುತ್ತದೆ, ನಮ್ಮ ಮೂಗು ಬಿರಿಯಾನಿಯ ಕಡೆಗಿರುತ್ತದೆ.

ಅದೇ ವಧೂವರರು ಮದುವೆಯ ಆಸುಪಾಸಿನಲ್ಲಿ ಸಹಿ ಹಾಕುವ ಇನ್ನೊಂದು ಕಾಗದ ಈಗ ನಮ್ಮ ಮನೆಗಳಿಗೂ ಬಂದಿದೆ. ಅದು ಮಧುಚಂದ್ರದ ವೀಸಾ ಅರ್ಜಿ. ಅದಕ್ಕೆ ಒಂದು ಪ್ರಯಾಣಪಟ್ಟಿಯನ್ನು ಲಗತ್ತಿಸಬೇಕು. ಯಾವ ದಿನ ಯಾವ ದೇಶ, ಅಲ್ಲಿ ಎಷ್ಟು ರಾತ್ರಿ, ಯಾವ ಹೋಟೆಲು, ಯಾವ ವಿಮಾನದಲ್ಲಿ ಮರಳುವುದು ಎಂಬುದೆಲ್ಲ ಅದರಲ್ಲಿರಬೇಕು. ಈ ಪಟ್ಟಿಯಲ್ಲಿ ಬರೆದದ್ದು ನಿಜವಾಗಿರಬೇಕೇ? ಕೇಳಿದರೆ ನಗು ಬರುವಷ್ಟು ಸಣ್ಣ ಪ್ರಶ್ನೆ. ಆದರೆ ಈ ವಿಷಯದಲ್ಲಿ ನಮಾಝಿಗಳಾದ ಯುವಕರು, ಒಳ್ಳೆಯ ಮನೆತನದವರು ಕೂಡ ಸಲೀಸಾಗಿ ಸುಳ್ಳಿನ ದಾರಿ ಹಿಡಿಯುತ್ತಿರುವುದರಿಂದ ಇದನ್ನು ಕೂತು ಚರ್ಚಿಸಬೇಕಾಗಿದೆ.

ಮೊದಲೇ ಹೇಳಿಬಿಡುತ್ತೇನೆ, ನವದಂಪತಿಗಳು ಪ್ರವಾಸ ಹೋಗುವುದನ್ನೇ ಪಾಶ್ಚಾತ್ಯರ ಅನುಕರಣೆಯೆಂದು ಖಂಡಿಸುವವರ ಸಾಲಿನಲ್ಲಿ ನಾನಿಲ್ಲ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಬೇಕೆಂದು ಕುರ್‌ಆನ್ ಕರೆ ನೀಡಿದೆ (29:20). ಖೈಬರ್‌ನಿಂದ ಮರಳುವಾಗ ಪ್ರವಾದಿವರ್ಯರು(ಸ) ಹಝ್ರತ್ ಸಫಿಯ್ಯಾ(ರ)ರನ್ನು ವಿವಾಹವಾಗಿ, ಖೈಬರ್ ಮತ್ತು ಮದೀನಾದ ನಡುವೆ ದಾರಿಯಲ್ಲೇ ಮೂರು ದಿನ ತಂಗಿದ್ದರು. ಆ ವಲೀಮಾದಲ್ಲಿ ರೊಟ್ಟಿಯಿರಲಿಲ್ಲ, ಮಾಂಸವಿರಲಿಲ್ಲ. ಚರ್ಮದ ಹಾಸು ಹಾಸಿ ಖರ್ಜೂರ, ಒಣಗಿಸಿದ ಗಿಣ್ಣು ಮತ್ತು ತುಪ್ಪವನ್ನು ಬಡಿಸಲಾಯಿತು. ಹೊರಡುವಾಗ ಅವರು ಒಂಟೆಯ ಬಳಿ ಕುಳಿತು ತಮ್ಮ ಮೊಣಕಾಲನ್ನು ಚಾಚಿದರು. ಸಫಿಯ್ಯಾ(ರ)ರು ಅದರ ಮೇಲೆ ಕಾಲಿಟ್ಟು ಒಂಟೆ ಏರಿದರು. ಇದು ಬುಖಾರಿಯಲ್ಲಿದೆ. ಇನ್ನೊಂದು ಪ್ರಯಾಣದಲ್ಲಿ ಹಝ್ರತ್ ಆಯಿಶಾ(ರ)ರೊಂದಿಗೆ ಅವರು ಓಟದ ಪಂದ್ಯ ನಡೆಸಿದ್ದೂ ಪ್ರಸಿದ್ಧ. ಪ್ರಯಾಣದಲ್ಲಿ ಪತಿಪತ್ನಿಯರ ನಡುವೆ ಅರಳುವ ಸಲಿಗೆ ನಮ್ಮ ಸಂಪ್ರದಾಯಕ್ಕೆ ಹೊಸದೇನಲ್ಲ. ಸಾಲ ಮಾಡಿ ಅಥವಾ ಹೆಣ್ಣಿನ ತಂದೆಯ ಜೇಬಿನಿಂದ ಕಿತ್ತು ಹೋಗುವವರ ವಿಚಾರ ಬೇರೆ. ಅದರ ಬಗ್ಗೆ ಈಗಾಗಲೇ ಬಹಳಷ್ಟು ಬರೆಯಲಾಗಿದೆ. ಇಲ್ಲಿ ತನ್ನ ಹಲಾಲ್ ಸಂಪಾದನೆಯಿಂದ, ಮಡದಿಯ ಒಪ್ಪಿಗೆಯಿಂದ ಹೊರಡುವವನನ್ನೇ ಕಣ್ಣಮುಂದಿಟ್ಟುಕೊಳ್ಳೋಣ.

ಹಿಂದೆ ಮಡಿಕೇರಿ, ಊಟಿ ಎನ್ನುತ್ತಿದ್ದರು. ಕರಾವಳಿಯ ಮನೆಗಳಲ್ಲಿ ಗಲ್ಫ್‌ನಲ್ಲಿರುವ ಮಗ ಮಡದಿಯನ್ನು ದುಬೈಗೆ ಕರೆಸಿಕೊಂಡರೆ ಅದೇ ದೊಡ್ಡ ಪ್ರವಾಸ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿರುವ ಹುಡುಗರು ಒಂದೇ ಪ್ರಯಾಣದಲ್ಲಿ ಮೂರು ದೇಶ, ನಾಲ್ಕು ದೇಶ ಎಂದು ಯೋಜಿಸುತ್ತಾರೆ. ಯುರೋಪಿನಲ್ಲಿ ಇದು ಸುಲಭವಾಗಲು ಕಾರಣವಿದೆ. 1985ರಲ್ಲಿ ಲಕ್ಸೆಂಬರ್ಗ್‌ನ ಶೆಂಗೆನ್ ಎಂಬ ಹಳ್ಳಿಯಲ್ಲಿ ಐದು ದೇಶಗಳು ತಮ್ಮೊಳಗಿನ ಗಡಿ ತಪಾಸಣೆಯನ್ನು ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. 1995ರಲ್ಲಿ ಅದು ಜಾರಿಗೆ ಬಂತು. ಇಂದು ಆ ವಲಯದಲ್ಲಿ 29 ದೇಶಗಳಿವೆ. ಒಂದು ದೇಶ ಕೊಟ್ಟ ವೀಸಾದಲ್ಲಿ ಉಳಿದ ದೇಶಗಳನ್ನೂ ನೋಡಬಹುದು. ಆದರೆ ಯಾವ ದೇಶಕ್ಕೆ ಅರ್ಜಿ ಹಾಕಬೇಕೆಂಬುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಪ್ರವಾಸದ ಮುಖ್ಯ ಗುರಿ ಯಾವ ದೇಶವೋ, ಅಂದರೆ ಹೆಚ್ಚು ದಿನ ಎಲ್ಲಿ ತಂಗುತ್ತೇವೋ, ಆ ದೇಶಕ್ಕೆ ಅರ್ಜಿ ಸಲ್ಲಬೇಕು. ಎಲ್ಲ ಕಡೆಯೂ ಸಮಾನ ದಿನಗಳಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಅರ್ಜಿಯ ಕೊನೆಯಲ್ಲಿ, ತಾನು ಕೊಟ್ಟ ವಿವರಗಳೆಲ್ಲ ಸರಿಯಾಗಿಯೂ ಸಂಪೂರ್ಣವಾಗಿಯೂ ಇವೆ, ಸುಳ್ಳಿದ್ದರೆ ಅರ್ಜಿ ತಿರಸ್ಕೃತವಾಗಬಹುದು, ಕೊಟ್ಟ ವೀಸಾ ಕೂಡ ರದ್ದಾಗಬಹುದು ಎಂಬುದು ತನಗೆ ತಿಳಿದಿದೆ ಎಂದು ಒಪ್ಪಿ ಸಹಿ ಮಾಡಬೇಕು. ಪತಿಯ ಅರ್ಜಿ ಬೇರೆ, ಪತ್ನಿಯ ಅರ್ಜಿ ಬೇರೆ. ಸಹಿಯೂ ಬೇರೆ ಬೇರೆ.

ಕುತಂತ್ರ ನಡೆಯುವುದು ಇಲ್ಲಿಯೇ. ಸ್ವಿಟ್ಜರ್ಲೆಂಡ್‌ನಲ್ಲಿ 6 ರಾತ್ರಿ, ಪ್ಯಾರಿಸ್‌ನಲ್ಲಿ 3 ರಾತ್ರಿ ಕಳೆಯಬೇಕೆಂದು ನಿಶ್ಚಯಿಸಿರುವವರು, ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಂಬ ಕಾರಣಕ್ಕೆ, ಕಾಲಿಡುವ ಉದ್ದೇಶವೇ ಇಲ್ಲದ ಮತ್ತೊಂದು ದೇಶದಲ್ಲಿ 7 ರಾತ್ರಿಗಳ ವಾಸವನ್ನು ಬರೆದು ಕೊಡುತ್ತಾರೆ. ಅದಕ್ಕೆ ಹೊಂದುವ ಹೋಟೆಲ್ ಕಾಗದಗಳು, ‘ಡಮ್ಮಿ ಟಿಕೆಟ್’ ಎಂದು ಕರೆಯಲಾಗುವ ಪೊಳ್ಳು ವಿಮಾನ ಟಿಕೆಟುಗಳು ಕೆಲವು ನೂರು ರೂಪಾಯಿಗಳಿಗೆ ಸಿಗುತ್ತವೆ. ವೀಸಾ ಬಂದ ಮರುದಿನ ಆ ಕಾಗದಗಳು ಕಸದ ಬುಟ್ಟಿಗೆ. ಮದ್ರಸದಲ್ಲಿ ನನ್ನ ಬಳಿ ಓದಿದ ಹುಡುಗನೊಬ್ಬ ಇದನ್ನೆಲ್ಲ ವಿವರಿಸಿ, “ಉಸ್ತಾದರೇ, ಇದು ಎಲ್ಲರೂ ಮಾಡುವುದೇ. ಯಾರ ಹಕ್ಕನ್ನೂ ಕಸಿದ ಹಾಗಲ್ಲವಲ್ಲ?” ಎಂದು ಕೇಳಿದ್ದ. ಅವನ ಪ್ರಶ್ನೆಯಲ್ಲಿ ಪ್ರಾಮಾಣಿಕತೆಯಿತ್ತು. ಅವನಿಗೆ ನಿಜವಾಗಿಯೂ ಇದು ಸುಳ್ಳೆಂದು ಅನಿಸಿರಲಿಲ್ಲ.

ಏಕೆ ಅನಿಸಲಿಲ್ಲ? ಪ್ರಯಾಣಪಟ್ಟಿ ನಾಳಿನ ಬಗ್ಗೆ ಆಡುವ ಮಾತು. ನಡೆದುಹೋದದ್ದನ್ನು ತಿರುಚಿದರೆ ಸುಳ್ಳೆಂದು ಮಗುವಿಗೂ ಗೊತ್ತು. ಇನ್ನೂ ನಡೆಯದ ಸಂಗತಿಯ ಬಗ್ಗೆ ಸುಳ್ಳು ಹೇಳುವುದು ಹೇಗೆ ಸಾಧ್ಯ? ನಾಳೆ ಏನಾಗುವುದೆಂದು ಯಾರಿಗೂ ತಿಳಿಯದು. ಅಲ್ಲಾಹನು ಇಚ್ಛಿಸಿದರೆ ಎಂದು ಸೇರಿಸದೆ ನಾಳೆ ಇದನ್ನು ಮಾಡುವೆನೆಂದು ಹೇಳಬಾರದೆಂದು ಅಲ್ ಕಹ್ಫ್ ಅಧ್ಯಾಯ (18:23-24) ಕಲಿಸುತ್ತದೆ. ಹಾಗಾದರೆ ಪಟ್ಟಿಯಲ್ಲಿ ಬರೆದಂತೆ ನಡೆಯದಿದ್ದರೆ ದೋಷವೇನು?

ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು ತಮ್ಮ ‘ಇಹ್ಯಾ’ದಲ್ಲಿ ನಾಲಿಗೆಯ ಅನಾಹುತಗಳ ಬಗ್ಗೆ ಬರೆಯುವಾಗ ಈ ಗಂಟನ್ನು ಬಿಡಿಸಿದ್ದಾರೆ. ಕಪಟವಿಶ್ವಾಸಿಯ ಮೂರು ಲಕ್ಷಣಗಳಲ್ಲಿ ವಚನಭಂಗವೂ ಒಂದೆಂಬ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಅದು ಯಾರಿಗೆ ಅನ್ವಯಿಸುತ್ತದೆ? ಮಾತು ಕೊಡುವಾಗಲೇ ಅದನ್ನು ಪಾಲಿಸುವ ಉದ್ದೇಶವಿಲ್ಲದವನಿಗೆ ಅಥವಾ ಕಾರಣವಿಲ್ಲದೆ ಮುರಿಯುವವನಿಗೆ. ಪಾಲಿಸುವ ಸಂಕಲ್ಪದಿಂದಲೇ ಮಾತು ಕೊಟ್ಟು, ಅನಂತರ ಅಡ್ಡಿಯುಂಟಾಗಿ ಪಾಲಿಸಲಾಗದವನು ಕಪಟಿಯಾಗುವುದಿಲ್ಲ. ಇದನ್ನು ನಮ್ಮ ಪಟ್ಟಿಗೆ ಅನ್ವಯಿಸಿ ನೋಡಿ. ಇಟಲಿಯಲ್ಲಿ 5 ರಾತ್ರಿ ಎಂದು ಮನಸಾರೆ ಯೋಜಿಸಿ ಬರೆದವರು, ಹೋದ ಮೇಲೆ ಮಡದಿಗೆ ಜ್ವರ ಬಂದು ಒಂದು ಕಡೆಯೇ ಉಳಿದರೆ ಅದು ಸುಳ್ಳಲ್ಲ. ಹಣ ವಾಪಸು ಸಿಗುವಂತೆ ಹೋಟೆಲನ್ನು ಕಾಯ್ದಿರಿಸಿ, ವೀಸಾ ಸಿಗದಿದ್ದರೆ ರದ್ದು ಮಾಡೋಣ ಎಂದುಕೊಳ್ಳುವುದೂ ಸುಳ್ಳಲ್ಲ. ವೀಸಾ ಸಿಕ್ಕಿದರೆ ಅಲ್ಲೇ ತಂಗುವ ಇರಾದೆ ಅವನಿಗಿದೆ. ಆದರೆ ಬರೆಯುವ ಗಳಿಗೆಯಲ್ಲೇ ಆ ಹೋಟೆಲಿನ ಬಾಗಿಲನ್ನೂ ನೋಡುವುದಿಲ್ಲವೆಂದು ತಿಳಿದಿದ್ದರೆ ಅವನು ಸುಳ್ಳು ಹೇಳುತ್ತಿರುವುದು ನಾಳಿನ ಬಗ್ಗೆ ಅಲ್ಲ, ಇಂದಿನ ತನ್ನ ಮನಸ್ಸಿನ ಬಗ್ಗೆ. ಮನಸ್ಸಿನಲ್ಲಿರುವುದಂತೂ ಅವನಿಗೆ ಚೆನ್ನಾಗಿ ಗೊತ್ತಿದೆ. ಅದಕ್ಕೆ ಇನ್‌ಶಾ ಅಲ್ಲಾಹ್ ಎಂದು ಸೇರಿಸಿದರೆ ತಪ್ಪು ಇಮ್ಮಡಿಯಾಗುತ್ತದೆಯೇ ಹೊರತು ಕಡಿಮೆಯಾಗದು.

ಸ್ವಲ್ಪ ಓದಿಕೊಂಡವರು ಇಲ್ಲಿ ‘ತೌರಿಯಾ’ದ ಹೆಸರೆತ್ತುತ್ತಾರೆ. ಎರಡು ಅರ್ಥ ಬರುವಂತೆ ಮಾತನಾಡಿ, ಕೇಳುವವನು ಒಂದನ್ನು ತಿಳಿಯಲೆಂದು ಬಿಟ್ಟು, ತಾನು ಇನ್ನೊಂದನ್ನು ಉದ್ದೇಶಿಸುವುದು ತೌರಿಯಾ. ಪ್ರವಾದಿವರ್ಯರು(ಸ) ದಂಡಯಾತ್ರೆಗಳಲ್ಲಿ ಹೋಗುವ ದಿಕ್ಕನ್ನು ಬಹಿರಂಗಪಡಿಸುತ್ತಿರಲಿಲ್ಲ, ತಬೂಕ್‌ನ ಯಾತ್ರೆ ಮಾತ್ರ ಇದಕ್ಕೆ ಅಪವಾದವಾಗಿತ್ತು ಎಂದು ಕಅಬ್ ಬಿನ್ ಮಾಲಿಕ್(ರ) ತಿಳಿಸಿದ್ದಾರೆ. ಆದರೆ ಇದೇ ವಿಷಯವನ್ನು ಚರ್ಚಿಸಿದ ಇಮಾಮ್ ನವವಿಯವರು, ತನ್ನದಲ್ಲದ್ದನ್ನು ಪಡೆಯಲು ಅಥವಾ ಇನ್ನೊಬ್ಬರ ಹಕ್ಕನ್ನು ತಪ್ಪಿಸಲು ತೌರಿಯಾ ಮಾಡುವುದು ಹರಾಮ್ ಎಂದು ವಿವರಿಸಿದ್ದಾರೆ. ಪ್ರಮಾಣ ಮಾಡುವಾಗಲಂತೂ ಪ್ರಮಾಣ ಮಾಡಿಸುವವನು ಯಾವ ಅರ್ಥದಲ್ಲಿ ಕೇಳುತ್ತಾನೋ ಅದೇ ಅರ್ಥ ಪರಿಗಣಿಸಲ್ಪಡುತ್ತದೆಂಬ ಹದೀಸ್ ಮುಸ್ಲಿಮ್‌ನಲ್ಲಿದೆ. ವೀಸಾ ಅರ್ಜಿಯ ಸಹಿ ಅಲ್ಲಾಹನ ಹೆಸರಲ್ಲಿ ಮಾಡುವ ಪ್ರಮಾಣವಲ್ಲ, ನಿಜ. ಆದರೂ ತರ್ಕ ಒಂದೇ. ಮೇಜಿನ ಆಚೆಗಿರುವ ಅಧಿಕಾರಿ ಕೇಳುತ್ತಿರುವುದು ನೀವು ಎಲ್ಲಿ ತಂಗುತ್ತೀರಿ ಎಂದು. ‘ಹೋಟೆಲ್ ಕಾಯ್ದಿರಿಸಿದ್ದು ನಿಜ ತಾನೇ, ತಂಗುತ್ತೇನೆಂದು ನಾನೆಲ್ಲಿ ಹೇಳಿದೆ?’ ಎಂಬ ಸಮಜಾಯಿಷಿ ಮಹ್ಶರದಲ್ಲಿ ಹೇಳಲು ಧೈರ್ಯವಿರುವವರು ಇಲ್ಲಿ ಹೇಳಲಿ. ಇನ್ನು ಕೆಲವರು, ಗಂಡ ಹೆಂಡಿರ ನಡುವೆ ಸುಳ್ಳಿಗೆ ವಿನಾಯಿತಿಯಿದೆಯಲ್ಲ ಎಂದು ತಮಾಷೆ ಮಾಡುವುದುಂಟು. ಅದು ಮನಸ್ಸು ಕೂಡಿಸುವ ಸವಿಮಾತಿಗೆ ಇರುವ ವಿನಾಯಿತಿ. ರಾಯಭಾರ ಕಚೇರಿಯ ಕೌಂಟರಿಗೆ ಅದನ್ನು ಕೊಂಡೊಯ್ಯಲಾಗದು.

ಇದಕ್ಕಿಂತ ಗಂಭೀರವಾದ ವಾದ ಇನ್ನೊಂದಿದೆ. ಆ ಸರಕಾರಗಳೇನು ನಮ್ಮವೇ? ಅವರಿಗೆ ಸತ್ಯ ಹೇಳುವ ಋಣ ನಮಗೇಕೆ? ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನದಲ್ಲಿ ಇಟ್ಟುಕೊಂಡವರು ಹೆಚ್ಚು. ಇದಕ್ಕೆ ಉತ್ತರವಾಗಿ, ದಾರಿಯಲ್ಲಿ ತಡೆದು ‘ಎಲ್ಲಿಗೆ ಹೊರಟಿದ್ದೀರಿ’ ಎಂದು ಪ್ರಶ್ನಿಸಲ್ಪಟ್ಟ ಇಬ್ಬರು ಪ್ರಯಾಣಿಕರ ಘಟನೆಯನ್ನು ಓದುಗರು ಗಮನವಿಟ್ಟು ನೋಡಬೇಕು.

ಹಝ್ರತ್ ಹುಝೈಫಾ(ರ) ಮತ್ತು ಅವರ ತಂದೆ ಮದೀನಾದ ಕಡೆಗೆ ಹೊರಟಿದ್ದರು. ಬದ್ರ್ ಯುದ್ಧ ಎದುರಿಗಿತ್ತು. ಕುರೈಶರು ಅವರನ್ನು ಹಿಡಿದರು. ನೀವು ಮುಹಮ್ಮದರ(ಸ) ಬಳಿಗೆ ಹೊರಟವರು ಎಂದು ಆರೋಪಿಸಿದರು. ತಾವು ಮದೀನಾಕ್ಕೆ ಹೊರಟಿದ್ದೇವೆಂದು ಇವರು ಉತ್ತರಿಸಿದರು. ಮದೀನಾಕ್ಕೆ ಹೋಗಬಹುದು, ಆದರೆ ಪ್ರವಾದಿಯ(ಸ) ಜೊತೆ ಸೇರಿ ಯುದ್ಧ ಮಾಡಕೂಡದು ಎಂದು ಅಲ್ಲಾಹನ ಹೆಸರಲ್ಲಿ ಕರಾರು ಮಾಡಿಸಿಕೊಂಡು ಕುರೈಶರು ಅವರನ್ನು ಬಿಟ್ಟರು. ಇಬ್ಬರೂ ಬಂದು ಪ್ರವಾದಿವರ್ಯರಿಗೆ(ಸ) ವಿಷಯ ತಿಳಿಸಿದರು. ಆಗಿನ ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಎದುರಾಳಿಗಳು ಸಾವಿರದಷ್ಟು, ಇತ್ತ ಮುನ್ನೂರಕ್ಕೆ ತುಸು ಹೆಚ್ಚು. ಒಬ್ಬೊಬ್ಬ ಮನುಷ್ಯನೂ ಅಮೂಲ್ಯ. ಕರಾರು ಪಡೆದವರೋ ಮುಸ್ಲಿಮರನ್ನು ಮನೆಮಠಗಳಿಂದ ಹೊರಗಟ್ಟಿದ ಶತ್ರುಗಳು. ಅದೂ ಸೆರೆಯಲ್ಲಿಟ್ಟು ಪಡೆದ ಮಾತು. ಆದರೂ ಪ್ರವಾದಿವರ್ಯರು(ಸ) ಅವರಿಬ್ಬರನ್ನೂ ಹಿಂದೆ ಕಳುಹಿಸಿದರು. ಅವರಿಗೆ ಕೊಟ್ಟ ಮಾತನ್ನು ನಾವು ಪಾಲಿಸುತ್ತೇವೆ, ನೆರವನ್ನು ಅಲ್ಲಾಹನಲ್ಲಿ ಬೇಡುತ್ತೇವೆ ಎಂಬುದು ಅವರ ನಿಲುವಾಗಿತ್ತು. ಹುಝೈಫಾರಂತಹ(ರ) ಸಹಾಬಿ ಬದ್ರ್‌ನಲ್ಲಿ ಇರದಿದ್ದುದಕ್ಕೆ ಇದೊಂದೇ ಕಾರಣ. ಸಹೀಹ್ ಮುಸ್ಲಿಮ್‌ನಲ್ಲಿ ಅವರೇ ಇದನ್ನು ಹೇಳಿದ್ದಾರೆ.

ಉಲಮಾಗಳು ಈ ಹದೀಸಿನ ವಿವರಣೆಯಲ್ಲಿ, ಯುದ್ಧದ ಸಂದರ್ಭದಲ್ಲಿ ಶತ್ರುವಿಗೆ ಕೊಡುವ ಉತ್ತರಕ್ಕೆ ಇರುವ ವಿನಾಯಿತಿಯನ್ನೂ ಚರ್ಚಿಸಿದ್ದಾರೆ. ಆ ವಿನಾಯಿತಿಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ವಿನಾಯಿತಿಗೆ ಅತ್ಯಂತ ಯೋಗ್ಯವಾಗಿದ್ದ ಗಳಿಗೆಯಲ್ಲೂ ಕೊಟ್ಟ ಮಾತು ಉಳಿಯಿತು. ಬದ್ರ್‌ಗಾಗಿ ಮುರಿಯದ ಮಾತನ್ನು ಆಲ್ಪ್ಸ್ ಪರ್ವತದ ಮಂಜಿಗಾಗಿ ಮುರಿಯಬಹುದೆಂದು ವಾದಿಸುವುದು ಹೇಗೆ?

ಆದರೆ ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ಈ ವೀಸಾ ವ್ಯವಸ್ಥೆಯಲ್ಲಿ ಅಸಮಾನತೆಯಿದೆ. ನಮ್ಮ ಹುಡುಗ ಬ್ಯಾಂಕಿನ ಲೆಕ್ಕ, ಸಂಬಳದ ಚೀಟಿ, ಕಂಪೆನಿಯ ರಜೆಪತ್ರ, ಕನಿಷ್ಠ 30,000 ಯೂರೋ ಮೊತ್ತದ ವಿಮೆ ಎಲ್ಲವನ್ನೂ ಹೊಂದಿಸಿ, ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟನ್ನು ಒಪ್ಪಿಸಿ ಕಾಯಬೇಕು. ಅಲ್ಲಿಯ ಹುಡುಗ ಇಲ್ಲಿಗೆ ಬರಲು ಇಷ್ಟು ಕಷ್ಟಪಡಬೇಕಾಗಿಲ್ಲ. ಮನುಷ್ಯನ ಘನತೆಗೆ ಇದು ಒಪ್ಪುವಂತಹದ್ದಲ್ಲವೆಂದು ಯಾರಾದರೂ ಹೇಳಿದರೆ ನಾನು ಎದುರಾಡುವುದಿಲ್ಲ. ಪ್ರಾಣ ಉಳಿಸಿಕೊಳ್ಳಲು ಗಡಿ ದಾಟುವ ನಿರಾಶ್ರಿತನು ಅಧಿಕಾರಿಯ ಮುಂದೆ ಏನು ಹೇಳಿದನೆಂದು ಲೆಕ್ಕ ಹಾಕಲು ಕೂಡ ನನಗೆ ಮನಸ್ಸಿಲ್ಲ. ಅನಿವಾರ್ಯತೆಗೆ ಶರೀಅತ್‌ನಲ್ಲಿ ಬೇರೆಯೇ ಅಧ್ಯಾಯವಿದೆ. ಹದಿನಾಲ್ಕನೆಯ ಶತಮಾನದಲ್ಲಿ ಗ್ರನಾಡದಲ್ಲಿದ್ದ ಇಮಾಮ್ ಶಾತಿಬಿಯವರು ಮನುಷ್ಯನ ಹಿತಗಳನ್ನು ಮೂರು ಮೆಟ್ಟಿಲುಗಳಾಗಿ ವಿವರಿಸಿದ್ದರು. ಇಲ್ಲದಿದ್ದರೆ ಬದುಕೇ ಕುಸಿಯುವ ಅನಿವಾರ್ಯಗಳು, ಇಲ್ಲದಿದ್ದರೆ ಕಷ್ಟವಾಗುವ ಅಗತ್ಯಗಳು, ಬದುಕನ್ನು ಚಂದಗೊಳಿಸುವ ಅಲಂಕಾರಗಳು. ನಾಲ್ಕು ದೇಶಗಳ ಮಧುಚಂದ್ರ ಯಾವ ಮೆಟ್ಟಿಲಿನದು? ಮೂರನೆಯ ಮೆಟ್ಟಿಲಿನಲ್ಲೂ ಅದಕ್ಕೆ ಜಾಗ ಸಿಕ್ಕಿದರೆ ಪುಣ್ಯ. ಅನಿವಾರ್ಯಕ್ಕೆ ಇರುವ ರಿಯಾಯಿತಿಯನ್ನು ಅಲಂಕಾರಕ್ಕೆ ಬಳಸಿದರೆ, ನಾಳೆ ನಿಜವಾದ ಅನಿವಾರ್ಯತೆಯುಳ್ಳವನ ಮಾತನ್ನೂ ಯಾರೂ ನಂಬಲಾರರು. ಯಾರ ಹಕ್ಕನ್ನೂ ಕಸಿದಿಲ್ಲವೆಂದು ನನ್ನ ಶಿಷ್ಯ ಹೇಳಿದ್ದು ಇಲ್ಲಿ ಪೂರ್ತಿ ಸರಿಯಾಗುವುದಿಲ್ಲ. ಪೊಳ್ಳು ಅರ್ಜಿಯೊಂದು ಹಿಡಿದಿಟ್ಟ ಅಪಾಯಿಂಟ್‌ಮೆಂಟ್, ಆ ದೇಶಕ್ಕೆ ನಿಜವಾಗಿಯೂ ಹೋಗಬೇಕಾಗಿದ್ದ ವಿದ್ಯಾರ್ಥಿಯದೋ ರೋಗಿಯದೋ ಆಗಿರಬಹುದು.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಹೆಚ್ಚು ಕಾಡುವುದು ಹೆಣ್ಣಿನ ಸಹಿ.

ಹೆಚ್ಚಿನ ಮನೆಗಳಲ್ಲಿ ಅರ್ಜಿ ತುಂಬುವುದು ಗಂಡು. ಅವಳು ಪಾಸ್‌ಪೋರ್ಟ್ ಮತ್ತು ಫೋಟೋ ಕೊಡುತ್ತಾಳೆ, ಬೆರಳು ತೋರಿಸಿದ ಕಡೆ ಸಹಿ ಹಾಕುತ್ತಾಳೆ. ಮದುವೆ ಹೊಸದು, ಪ್ರಶ್ನೆ ಕೇಳಲು ಸಂಕೋಚ. ವೀಸಾ ಕೇಂದ್ರದಲ್ಲಿ ಏನಾದರೂ ಕೇಳಿದರೆ ಹೀಗೆ ಹೀಗೆ ಹೇಳು ಎಂದು ಅವನು ಕಲಿಸಿಕೊಡುತ್ತಾನೆ. ಅಂದರೆ ಪತಿಯಾದವನು ಪತ್ನಿಗೆ ಕೊಡುವ ಮೊದಲ ಪಾಠ ಅದು. ಸೃಷ್ಟಿಕರ್ತನ ಆಜ್ಞೆ ಮೀರುವ ವಿಷಯದಲ್ಲಿ ಸೃಷ್ಟಿಗಳ ಅನುಸರಣೆ ಇಲ್ಲವೆಂಬುದು ಸರ್ವಸಮ್ಮತ ತತ್ವ. ಪತಿಯ ಅನುಸರಣೆಗೂ ಅದೇ ಮಿತಿ. ಆದರೆ ಮದುವೆಯಾಗಿ ಹತ್ತು ದಿನವಾಗದ ಹುಡುಗಿ ಆ ತತ್ವವನ್ನು ಎತ್ತಿ ಹಿಡಿಯಬೇಕೆಂದು ನಿರೀಕ್ಷಿಸುವುದಕ್ಕಿಂತ, ಅವಳನ್ನು ಅಂತಹ ಇಕ್ಕಟ್ಟಿಗೆ ಸಿಲುಕಿಸದಿರುವುದು ಗಂಡಿನ ಹೊಣೆ. ಹಝ್ರತ್ ಅಬ್ದುಲ್ಲಾ ಬಿನ್ ಆಮಿರ್(ರ) ಚಿಕ್ಕವರಿದ್ದಾಗ ಅವರ ತಾಯಿ ಏನೋ ಕೊಡುತ್ತೇನೆ ಬಾ ಎಂದು ಕರೆದರಂತೆ. ಅಲ್ಲಿದ್ದ ಪ್ರವಾದಿವರ್ಯರು(ಸ) ಏನು ಕೊಡುವಿರೆಂದು ವಿಚಾರಿಸಿದರು. ಖರ್ಜೂರ ಎಂದರು ತಾಯಿ. ಏನೂ ಕೊಡದಿರುತ್ತಿದ್ದರೆ ಅದೊಂದು ಸುಳ್ಳೆಂದು ದಾಖಲಾಗುತ್ತಿತ್ತೆಂದು ಅವರು ಎಚ್ಚರಿಸಿದರು. ಮನೆಯೊಳಗಿನ ಮಾತಿಗೆ ಅಷ್ಟು ತೂಕ. ಏಕೆಂದರೆ ಅಲ್ಲೊಬ್ಬರು ಕೇಳುತ್ತಾ ಕಲಿಯುತ್ತಿರುತ್ತಾರೆ.

ನಮ್ಮ ಕರಾವಳಿಯ ಎಷ್ಟೋ ದಾಂಪತ್ಯಗಳು ಮಾತಿನ ಮೇಲೆಯೇ ನಿಂತಿವೆ. ಪತಿ ಜುಬೈಲ್‌ನಲ್ಲೋ ದೋಹಾದಲ್ಲೋ ದುಡಿಯುತ್ತಾನೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಬರುತ್ತಾನೆ. ಉಳಿದ ದಿನಗಳಲ್ಲಿ ಅವಳಿಗೆ ಸಿಗುವುದು ಫೋನಿನಲ್ಲಿ ಅವನ ದನಿ ಮಾತ್ರ. ಈ ತಿಂಗಳು ಸಂಬಳ ತಡವಾಗಿದೆ ಎಂದರೆ ನಂಬಬೇಕು. ರಾತ್ರಿ ಪಾಳಿಯಿತ್ತು, ಫೋನ್ ನೋಡಲಿಲ್ಲ ಎಂದರೆ ನಂಬಬೇಕು. ಪರೀಕ್ಷಿಸಲು ಅವಳ ಬಳಿ ಬೇರೇನೂ ಇಲ್ಲ. ತನಗೆ ಬೇಕಾದುದನ್ನು ಪಡೆಯಲು ಈ ಮನುಷ್ಯ ಎಷ್ಟು ಚಂದದ ಸುಳ್ಳನ್ನು ಎಷ್ಟು ನಿರಾಳವಾಗಿ ಹೇಳಬಲ್ಲನೆಂದು ಮಧುಚಂದ್ರದ ಅರ್ಜಿಯಲ್ಲೇ ಕಂಡವಳು, ಆ ದನಿಯನ್ನು ಯಾವ ಕಿವಿಯಿಂದ ಕೇಳಿಯಾಳು? ಅವಳು ಬಾಯಿಬಿಟ್ಟು ಹೇಳದಿರಬಹುದು. ಅವಳೇ ಅದರಲ್ಲಿ ಸಹಿ ಹಾಕಿದವಳಾದ್ದರಿಂದ ಹೇಳಲೂ ಆಗದು. ಪತಿಪತ್ನಿಯರ ನಡುವೆ ಪ್ರೀತಿ ಮತ್ತು ಕರುಣೆಯನ್ನು ಇರಿಸಿದ್ದನ್ನು, ಅವರು ಪರಸ್ಪರರಲ್ಲಿ ನೆಮ್ಮದಿ ಕಾಣುವಂತೆ ಮಾಡಿದ್ದನ್ನು ಅಲ್ಲಾಹನು ತನ್ನ ದೃಷ್ಟಾಂತವೆಂದು ತಿಳಿಸಿದ್ದಾನೆ (30:21). ನಂಬಿಕೆಯಿಲ್ಲದ ಕಡೆ ನೆಮ್ಮದಿ ತಂಗುವುದಿಲ್ಲ.

ಇತ್ತೀಚೆಗೆ ಮಧುಚಂದ್ರದ ಪಟ್ಟಿಗೆ ಉಮ್ರಾವನ್ನೂ ಸೇರಿಸುವವರಿದ್ದಾರೆ. ಸೌದಿಯ ವಿಮಾನಗಳಲ್ಲಿ ಹೋಗುವವರಿಗೆ ನಡುವೆ 96 ಗಂಟೆ ತಂಗುವ ವೀಸಾವನ್ನು ಅಲ್ಲಿಯ ಸರಕಾರ 2023ರಲ್ಲಿ ಆರಂಭಿಸಿದ ಬಳಿಕ ಇದು ಇನ್ನಷ್ಟು ಕಾಣಿಸುತ್ತಿದೆ. ಒಳ್ಳೆಯದೇ. ಇಹ್ರಾಮ್ ಧರಿಸಿದಂದಿನಿಂದ ತವಾಫ್, ಸಈ ಮುಗಿಸಿ ಕೂದಲು ತೆಗೆಯುವವರೆಗೆ ದಾಂಪತ್ಯ ಸಂಪರ್ಕ ನಿಷಿದ್ಧವೆಂಬುದನ್ನು ಮಾತ್ರ ಹೊರಡುವ ಮೊದಲೇ ತಿಳಿದಿರಬೇಕು. ಹೊಸ ದಂಪತಿಗಳಿಗೆ ಇದನ್ನು ಹೇಳಿಕೊಡಲು ಮನೆಯ ಹಿರಿಯರು ನಾಚುತ್ತಾರೆ. ಆದರೆ ಉಮ್ರಾ ಸೇರಿಸಿದ್ದರಿಂದ ಪಟ್ಟಿಯ ಉಳಿದ ಸುಳ್ಳುಗಳು ತೊಳೆದುಹೋಗುತ್ತವೆಂದು ತಿಳಿಯಬಾರದು. ಲಬ್ಬೈಕ್ ಹೇಳುವವನ ಕೈಚೀಲದಲ್ಲಿ ಪೊಳ್ಳು ಟಿಕೆಟ್ ಇರುವುದು ಶೋಭೆಯಲ್ಲ.

ಪ್ರಾಮಾಣಿಕವಾಗಿ ಹೋಗಬೇಕೆನ್ನುವವರಿಗೆ ದಾರಿಗಳಿಲ್ಲವೇ? ಧಾರಾಳವಾಗಿವೆ. ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಲು ಅವಕಾಶವಿದೆ. ನಮ್ಮಲ್ಲಿ ಸಂಬಂಧ ನಿಶ್ಚಯವಾಗಿ ಮದುವೆಗೆ ಅಷ್ಟು ಕಾಲ ಇದ್ದೇ ಇರುತ್ತದೆ. ಒಂದು ದೇಶದ ವೀಸಾ ಪಡೆದು, ಅದನ್ನು ಮುಖ್ಯ ಗುರಿಯಾಗಿಯೇ ಇಟ್ಟುಕೊಂಡು, ಬೇರೊಂದು ದೇಶದ ವಿಮಾನ ನಿಲ್ದಾಣದಲ್ಲಿ ಮೊದಲು ಇಳಿಯುವುದು ತಪ್ಪಲ್ಲ. ನಿಯಮವೇ ಅದನ್ನು ಅನುಮತಿಸುತ್ತದೆ. ಬಯಸಿದ ದೇಶದ ಅಪಾಯಿಂಟ್‌ಮೆಂಟ್ ಸಿಗದಿದ್ದರೆ, ಸಿಕ್ಕಿದ ದೇಶದಲ್ಲೇ ನಿಜವಾಗಿಯೂ ಹೆಚ್ಚು ದಿನ ಉಳಿಯುವಂತೆ ಪ್ರವಾಸವನ್ನು ಬದಲಿಸಬಹುದು. ಹಾಗೆ ಬದಲಿಸಿದರೆ ಕಾಗದವೂ ನಿಜ, ಪ್ರವಾಸವೂ ನಿಜ. ಅದೂ ಬೇಡವೆಂದರೆ ವೀಸಾದ ಕಟ್ಟುಪಾಡು ಕಡಿಮೆಯಿರುವ ದೇಶಗಳಿವೆ. ಮಲೇಶ್ಯ 2023ರ ಡಿಸೆಂಬರ್‌ನಲ್ಲಿ ಭಾರತೀಯರಿಗೆ ವೀಸಾರಹಿತ ಪ್ರವೇಶವನ್ನು ಆರಂಭಿಸಿತು. ಅಲ್ಲಿ ಹಲಾಲ್ ಆಹಾರಕ್ಕಾಗಿ, ನಮಾಝಿನ ಜಾಗಕ್ಕಾಗಿ ಅಲೆದಾಡಬೇಕಾಗಿಯೂ ಇಲ್ಲ.

ನಮ್ಮ ಸಮುದಾಯದಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುವ ಸಹೋದರರು ಅನೇಕರಿದ್ದಾರೆ. ಹಜ್ಜ್, ಉಮ್ರಾ ಯಾತ್ರಿಕರ ಸೇವೆಯಲ್ಲಿ ಹೆಸರು ಗಳಿಸಿದವರೂ ಇದ್ದಾರೆ. ಪೊಳ್ಳು ಟಿಕೆಟ್ ತಯಾರಿಸಿಕೊಡಲು ಪಡೆಯುವ ಹಣ ಯಾವುದರ ಪ್ರತಿಫಲವೆಂದು ಅವರು ತಮ್ಮ ಊರಿನ ಉಲಮಾಗಳೊಂದಿಗೆ ಮಾತಾಡಿ ನೋಡಲಿ. ಗಿರಾಕಿ ಕೈತಪ್ಪಿ ಪಕ್ಕದ ಅಂಗಡಿಗೆ ಹೋಗುತ್ತಾನೆಂಬ ಅವರ ಭಯ ಸುಳ್ಳಲ್ಲ, ಹೋಗುವವರು ಹೋಗಿಯೇ ಹೋಗುತ್ತಾರೆ. ಮದುವೆಯಾಗಲಿರುವ ಹುಡುಗರಿಗೆ ಮಾತ್ರ ಒಂದು ಕೋರಿಕೆ. ಅರ್ಜಿಯನ್ನು ತುಂಬಿದ ಬಳಿಕ ಸಹಿಗೆ ಮುಂಚೆ ಅದನ್ನು ಅವಳ ಕೈಗೆ ಕೊಡಿ, ಪೂರ್ತಿ ಓದಲು ಸಮಯ ಕೊಡಿ. ಅವಳು ಬೆರಳಿಟ್ಟು, “ಇಲ್ಲಿ 7 ರಾತ್ರಿ ಅಂತ ಬರೆದಿದ್ದೀರಲ್ಲ, ನಾವು ಇಲ್ಲಿಗೆ ಹೋಗ್ತೇವಾ?” ಎಂದು ಕೇಳಿದರೆ, ಸಿಟ್ಟಾಗದೆ ಆ ಪುಟವನ್ನು ಅವಳ ಜೊತೆ ಕುಳಿತು ಮತ್ತೆ ಬರೆಯಿರಿ.